ತೆವಳುವ ಸ್ತರಭಂಗಗಳೂ ಕಲ್ಯಾಣ ಸೀಮೆಯ ಭೂಕಂಪ ಸಾಧ್ಯತೆಯೂ

ಭೂಮಿಯ ಹೊರಚಿಪ್ಪಿನ ಶಿಲೆ ಸೀಳಿ, ಸೀಳಿನ ಎರಡು ಮಗ್ಗುಲುಗಳು ಒಂದಕ್ಕೊಂದು ಉಜ್ಜಿಕೊಂಡು ಸರಿಯುವ ಜಾಗವೇ ಸ್ತರಭಂಗ. ಈ ಸರಿತ ಕೆಲವೇ ಸೆಕೆಂಡುಗಳಲ್ಲಿ ನಡೆದುಹೋದರೆ ಭೂಕಂಪವಾಗುತ್ತದೆ. ಅದೇ ಸರಿತ ವರ್ಷಕ್ಕೆ ಕೆಲವು ಮಿಲಿಮೀಟರಿನಂತೆ, ಮೇಲೆ ನಡೆದಾಡುವವರಿಗೆ ಯಾವ ಸುಳಿವೂ ಸಿಗದ ಹಾಗೆ ದಶಕಗಟ್ಟಲೆ ಸಾಗಿದರೆ ಅದಕ್ಕೆ ಸ್ತರಭಂಗದ ತೆವಳಿಕೆ ಎನ್ನುತ್ತಾರೆ. ಕೆಲವು ಸ್ತರಭಂಗಗಳು ಸದಾ ತೆವಳುತ್ತಿರುತ್ತವೆ. ಇನ್ನು ಕೆಲವು ತಿಂಗಳುಗಟ್ಟಲೆ ಸುಮ್ಮನಿದ್ದು ಕೆಲವು ವಾರ ನಿಧಾನವಾಗಿ ಜಾರಿ ಮತ್ತೆ ನಿಲ್ಲುತ್ತವೆ. ದೊಡ್ಡ ಭೂಕಂಪವೊಂದು ಆದಮೇಲೆ ಮಾತ್ರ ಕೆಲಕಾಲ ತೆವಳಿ ತಣ್ಣಗಾಗುವಂಥವೂ ಉಂಟು.

ತೆವಳುವ ಸ್ತರಭಂಗ ಅಪಾಯವನ್ನು ಕರಗಿಸುತ್ತದೆಯೇ, ಇಲ್ಲವೇ ಮುಂದಿನ ಅಪಾಯವನ್ನು ಸೂಚಿಸುತ್ತದೆಯೇ ಎಂಬುದು ಭೂಕಂಪ ವಿಜ್ಞಾನದ ಜೀವಂತ ಪ್ರಶ್ನೆಗಳಲ್ಲಿ ಒಂದು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳನ್ನು ಒಳಗೊಂಡ ಕಲ್ಯಾಣ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. ಇಲ್ಲಿ ತೆವಳುತ್ತಿದೆಯೆಂದು ಅಳೆದು ತೋರಿಸಿದ ಸ್ತರಭಂಗ ಇಲ್ಲ, ನಿಜ. ಆದರೆ ಕಲ್ಯಾಣದಿಂದ ಸುಮಾರು 100 ಕಿ.ಮೀ. ಉತ್ತರದ ಡಹಾಣೂ ಬಳಿ 2018ರಿಂದ ಸಾವಿರಾರು ಸಣ್ಣ ಕಂಪನಗಳು ಆಗಿವೆ. ಸುಮಾರು 40 ಕಿ.ಮೀ. ಈಶಾನ್ಯದ ಭಾತ್ಸಾ ಜಲಾಶಯದ ಬಳಿ 1983ರಲ್ಲಿ ನೆಲ ನಡುಗಿದೆ. ಊರಿನ ಪಕ್ಕದಲ್ಲೇ ಪನ್ವೇಲ್ ಬಾಗು ಎಂಬ ಪುರಾತನ ರಚನೆ ಹಾದುಹೋಗಿದೆ. ಸಣ್ಣ ಕಂಪನಗಳು ಆಗುತ್ತಿದ್ದರೆ ಒಳಗಿನ ಒತ್ತಡ ಇಳಿದುಹೋಗುತ್ತದೆ, ದೊಡ್ಡದು ಬರುವುದಿಲ್ಲ ಎಂಬ ಸಮಾಧಾನದ ಮಾತು ಇಲ್ಲಿನ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ಮಾತು ಎಷ್ಟು ನಿಜ ಎಂದು ತಿಳಿಯಲು ತೆವಳಿಕೆಯ ಲೆಕ್ಕಾಚಾರವನ್ನು ಮೊದಲು ನೋಡಬೇಕು.

ತೆವಳಿಕೆ ಗಮನಕ್ಕೆ ಬಂದ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಹೊಲಿಸ್ಟರ್ ಪಟ್ಟಣದ ಬಳಿ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಮೇಲೆಯೇ ಒಂದು ದ್ರಾಕ್ಷಾರಸದ ಕಾರ್ಖಾನೆ ಇತ್ತು. ಅದರ ಕಾಂಕ್ರೀಟ್ ನೆಲ ಮತ್ತು ಗೋಡೆಗಳು ಯಾವ ಭೂಕಂಪವೂ ಇಲ್ಲದೆ ಸೀಳುತ್ತಿದ್ದುದನ್ನು 1956ರಲ್ಲಿ ಪರಿಶೀಲಿಸಿದ ತಂತ್ರಜ್ಞರಿಗೆ, ಕಟ್ಟಡದ ಒಂದು ಅರ್ಧ ಇನ್ನೊಂದು ಅರ್ಧದಿಂದ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ದೂರ ಸರಿಯುತ್ತಿರುವುದು ಗೊತ್ತಾಯಿತು. 1960ರಲ್ಲಿ ಈ ವಿಷಯ ಪ್ರಕಟವಾಗುವ ತನಕ, ಸ್ತರಭಂಗವೆಂದರೆ ಬಿಗಿದು ನಿಂತು ಒಮ್ಮೆಲೇ ಕಿತ್ತುಕೊಳ್ಳುವಂಥದು ಎಂದೇ ವಿಜ್ಞಾನಿಗಳು ತಿಳಿದಿದ್ದರು. ಹತ್ತು ವರ್ಷಗಳ ಬಳಿಕ ತುರ್ಕಿಯ ಇಸ್ಮೆತ್‌ಪಾಷಾ ರೈಲು ನಿಲ್ದಾಣದ ಬಳಿಯ ಗೋಡೆಯೊಂದು ಉತ್ತರ ಅನತೋಲಿಯಾ ಸ್ತರಭಂಗದ ಮೇಲೆ ಇದೇ ರೀತಿ ತುಂಡಾಗಿ ಸರಿಯುತ್ತಿದೆ ಎಂದು ನಿಕೊಲಸ್ ಆಂಬ್ರಸೀಸ್ 1970ರಲ್ಲಿ ವರದಿ ಮಾಡಿದರು.

ತೆವಳಿಕೆಯನ್ನು ಕಣ್ಣಾರೆ ಕಾಣಲು ಹೇಳಿಮಾಡಿಸಿದ ಊರು ಕ್ಯಾಲಿಫೋರ್ನಿಯಾದ ಹೇವರ್ಡ್. ಅಲ್ಲಿ ಎರಡು ಬೀದಿಗಳು ಕೂಡುವ ಮೂಲೆಯಲ್ಲಿ ಫುಟ್‌ಪಾತಿನ ಕಲ್ಲಂಚು ಹೇವರ್ಡ್ ಸ್ತರಭಂಗದ ಮೇಲೆ ಹಾದಿತ್ತು. ಭೂವಿಜ್ಞಾನಿಗಳು 1970ರ ದಶಕದಿಂದ ಆ ಅಂಚಿನ ಫೋಟೊ ತೆಗೆಯುತ್ತ ಬಂದರು. ಮೊದಮೊದಲು ಕೂದಲೆಳೆಯಷ್ಟಿದ್ದ ಓರೆ ಕೊನೆಗೆ ಅಂಗೈ ಅಗಲವನ್ನೂ ಮೀರಿ, ಕಲ್ಲಂಚು ನಡುವೆ ಕತ್ತರಿಸಿಟ್ಟ ಹಾಗೆ ಕಾಣುತ್ತಿತ್ತು. 2016ರಲ್ಲಿ ನಗರಸಭೆಯವರು ರಸ್ತೆ ದುರಸ್ತಿಯಲ್ಲಿ ಆ ಕಲ್ಲನ್ನು ತೆಗೆದು ಹೊಸದು ಹಾಕಿಬಿಟ್ಟರು. ನಾಲ್ಕು ದಶಕಗಳ ದಾಖಲೆ ಒಂದು ಬೆಳಿಗ್ಗೆಯಲ್ಲಿ ಹೋಯಿತು. ಅದೇ ಊರಿನ ಹಳೆಯ ಪುರಭವನ ಸ್ತರಭಂಗದ ಮೇಲಿದ್ದ ತಪ್ಪಿಗೆ ಬಿರುಕುಬಿಟ್ಟು ಬಳಕೆಯಿಂದಲೇ ಹೊರಗುಳಿಯಿತು. ಬರ್ಕ್ಲಿ ವಿಶ್ವವಿದ್ಯಾಲಯದ ಕ್ರೀಡಾಂಗಣದ ನಡುವೆಯೂ ಈ ಸ್ತರಭಂಗವೇ ಹಾದುಹೋಗಿದೆ.

ಕೆಲವೆಡೆ ಬಿಗಿತ, ಕೆಲವೆಡೆ ತೆವಳಿಕೆ

ಕೆಲವು ಸ್ತರಭಂಗಗಳು ಬಿಗಿದು ನಿಲ್ಲುವುದೂ ಕೆಲವು ತೆವಳುವುದೂ ಏಕೆ? ಉತ್ತರ ಘರ್ಷಣೆಯಲ್ಲಿದೆ. ಕೆಲವು ಶಿಲೆಗಳಲ್ಲಿ ಸರಿತದ ವೇಗ ಹೆಚ್ಚಿದಂತೆ ಘರ್ಷಣೆ ಕಡಿಮೆಯಾಗುತ್ತದೆ. ಅಂಥಲ್ಲಿ ಒಮ್ಮೆ ಜಾರಲು ಶುರುವಾದರೆ ತಡೆಯುವವರಿಲ್ಲ. ಅದು ಭೂಕಂಪವಾಗಿಯೇ ಮುಗಿಯುತ್ತದೆ. ಇನ್ನು ಕೆಲವು ಶಿಲೆಗಳಲ್ಲಿ ವೇಗ ಹೆಚ್ಚಿದಂತೆ ಘರ್ಷಣೆಯೂ ಹೆಚ್ಚುತ್ತದೆ. ಅಲ್ಲಿ ಸರಿತ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ, ಅಂದರೆ ತೆವಳುತ್ತದೆ. ಜೇಡಿಮಣ್ಣಿನ ಖನಿಜಗಳು ತುಂಬಿದ ಮೇಲ್ಪದರಗಳು ಈ ಎರಡನೆಯ ಬಗೆಯವು. 15 ಕಿ.ಮೀ.ಗೂ ಹೆಚ್ಚು ಆಳದಲ್ಲಿ ಕಾವಿನಿಂದ ಶಿಲೆ ಮೆತ್ತಗಾಗುವ ಪದರಗಳೂ ಸಾಮಾನ್ಯವಾಗಿ ಹಾಗೆಯೇ. ಇವೆರಡರ ನಡುವಿನ ಗಡುಸು ಪದರವೇ ಭೂಕಂಪಗಳ ಹುಟ್ಟುನೆಲೆ.

ಸ್ಯಾನ್ ಆಂಡ್ರಿಯಾಸಿನ ನಡುಭಾಗದಲ್ಲಿ ಸುಮಾರು 150 ಕಿ.ಮೀ. ಉದ್ದದ ತುಣುಕು, ಅತಿ ವೇಗದ ಜಾಗದಲ್ಲಿ ವರ್ಷಕ್ಕೆ ಸುಮಾರು 30 ಮಿ.ಮೀ.ನಂತೆ ತೆವಳುತ್ತದೆ. ಅದರ ದಕ್ಷಿಣ ತುದಿಯ ಪಾರ್ಕ್‌ಫೀಲ್ಡ್ ಬಳಿ ಸುಮಾರು 3 ಕಿ.ಮೀ. ಆಳದ ರಂಧ್ರ ಕೊರೆದು ಸ್ತರಭಂಗದ ಒಳಗಿನ ಪುಡಿಯನ್ನೇ ಮೇಲೆ ತಂದರು. ಅದರಲ್ಲಿ ಸಿಕ್ಕಿದ್ದು ಮೆತ್ತನೆಯ ಜೇಡಿ ಖನಿಜಗಳು ಮತ್ತು ಟಾಲ್ಕ್. ಬೇಲೂರು, ಹಳೇಬೀಡಿನ ರೂವಾರಿಗಳು ಉಳಿಗೆ ಸುಲಭವಾಗಿ ಒಗ್ಗುತ್ತದೆಂದು ಆರಿಸಿಕೊಂಡ ಬಳಪದ ಕಲ್ಲಿನಲ್ಲಿ ಇರುವ ಖನಿಜವೂ ಟಾಲ್ಕೇ. ಉಗುರಿನಿಂದ ಕೆರೆದರೂ ಪುಡಿಯುದುರುವ ಇಂಥ ಖನಿಜ ಎರಡು ಶಿಲಾಭಿತ್ತಿಗಳ ನಡುವೆ ಸೇರಿಕೊಂಡರೆ ಅವು ಕಚ್ಚಿ ನಿಲ್ಲಲಾರವು.

ತೆವಳಿಕೆಗೆ ಇನ್ನೊಂದು ಕಾರಣ ನೀರು. ಸೀಳಿನೊಳಗೆ ನೀರಿನ ಒತ್ತಡ ಏರಿದರೆ ಎರಡು ಮಗ್ಗುಲುಗಳನ್ನು ಒತ್ತಿಹಿಡಿದಿರುವ ಬಲ ಅಷ್ಟರಮಟ್ಟಿಗೆ ಸಡಿಲಾಗುತ್ತದೆ. ದಕ್ಷಿಣ ಫ್ರಾನ್ಸಿನಲ್ಲಿ ಸುಣ್ಣಕಲ್ಲಿನ ಸ್ತರಭಂಗವೊಂದಕ್ಕೆ ನೇರವಾಗಿ ನೀರು ಒತ್ತಿ ನೋಡಿದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಮೊದಲು ಆದದ್ದು ಸದ್ದಿಲ್ಲದ ಜಾರಿಕೆ. ಸೂಕ್ಷ್ಮ ಕಂಪನಗಳು ಬಂದದ್ದು ಅದರ ಬೆನ್ನಿಗೆ. ಜಲಾಶಯಗಳ ಸುತ್ತ, ಮಳೆಗಾಲ ಮುಗಿದ ಮೇಲೆ ಕಂಪಿಸುವ ನೆಲವನ್ನು ಅರ್ಥಮಾಡಿಕೊಳ್ಳಲು ಈ ಅನುಕ್ರಮ ಬಹಳ ಮುಖ್ಯ. ಕಲ್ಯಾಣ ಸೀಮೆಯ ಕಥೆಯಲ್ಲಿ ನೀರಿನ ಪಾತ್ರ ಮತ್ತೆ ಮತ್ತೆ ಬರುತ್ತದೆ.

ಅಪಾಯದ ಲೆಕ್ಕ

1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಬಳಿಕ ಹ್ಯಾರಿ ರೀಡ್ ಎಂಬ ಅಮೆರಿಕನ್ ವಿಜ್ಞಾನಿ 1910ರಲ್ಲಿ ಮಂಡಿಸಿದ ವಿವರಣೆ ಇಂದಿಗೂ ಬುನಾದಿ: ಸ್ತರಭಂಗ ಬಿಗಿದಿದ್ದರೆ ಎರಡೂ ಕಡೆಯ ನೆಲ ಬಗ್ಗಿಸಿದ ಬಿದಿರಿನ ಹಾಗೆ ಬಲವನ್ನು ಕೂಡಿಟ್ಟುಕೊಳ್ಳುತ್ತದೆ, ಬಿಗಿತ ತಪ್ಪಿದಾಗ ನೆಟ್ಟಗಾಗುತ್ತದೆ. ಈ ಲೆಕ್ಕದಲ್ಲಿ ತೆವಳಿಕೆ ಒಂದು ಖರ್ಚಿನ ಬಾಬ್ತು. ವರ್ಷಕ್ಕೆ ಆಗಬೇಕಾದ ಒಟ್ಟು ಸರಿತದಿಂದ ತೆವಳಿ ಹೋದದ್ದನ್ನು ಕಳೆದರೆ ಉಳಿಯುವುದೇ ಮುಂದಿನ ಭೂಕಂಪದ ಬಂಡವಾಳ. ಹೇವರ್ಡ್ ಸ್ತರಭಂಗದ ದೀರ್ಘಕಾಲದ ವೇಗ ವರ್ಷಕ್ಕೆ ಸುಮಾರು 9 ಮಿ.ಮೀ.; ಮೇಲ್ಮೈಯಲ್ಲಿ ತೆವಳುವುದು ಸುಮಾರು 5 ಮಿ.ಮೀ. ಉಳಿದ 4 ಮಿ.ಮೀ. 1868ರ ಅಕ್ಟೋಬರ್ 21ರ ಭೂಕಂಪದಿಂದ ಈಚೆಗೆ ಕೂಡುತ್ತ ಬಂದು ಈಗ 60 ಸೆಂ.ಮೀ. ದಾಟಿದೆ. ಆಳದ ಬಿಗಿದ ಭಾಗಗಳಲ್ಲಿ ಇದು ಇನ್ನೂ ಹೆಚ್ಚು. ಫುಟ್‌ಪಾತಿನಲ್ಲಿ ಕಣ್ಣಿಗೆ ಕಾಣುವಂತೆ ತೆವಳುವ ಈ ಸ್ತರಭಂಗವೇ 1868ರಲ್ಲಿ ಸುಮಾರು 30 ಜನರ ಜೀವ ತೆಗೆದದ್ದು. ಕ್ಯಾಲಿಫೋರ್ನಿಯಾದವರು ಇದನ್ನು ಇಂದಿಗೂ ತಮ್ಮ ಅತಿ ಅಪಾಯದ ಸ್ತರಭಂಗಗಳ ಸಾಲಿನಲ್ಲೇ ಇಟ್ಟಿದ್ದಾರೆ.

ತೆವಳುವ ಭಾಗಕ್ಕೂ ಬಿಗಿದ ಭಾಗಕ್ಕೂ ನಡುವಿನ ಗಡಿ ವಿಶೇಷವಾಗಿ ಗಮನಿಸಬೇಕಾದ ಜಾಗ. ತೆವಳುವ ಭಾಗ ಸರಿದಷ್ಟೂ ಪಕ್ಕದ ಬಿಗಿದ ಭಾಗದ ಮೇಲೆ ಹೊರೆ ಹೆಚ್ಚುತ್ತದೆ. ಪಾರ್ಕ್‌ಫೀಲ್ಡ್ ಇಂಥ ಗಡಿಯಲ್ಲಿದೆ. ಅಲ್ಲಿ 1857, 1881, 1901, 1922, 1934, 1966ರಲ್ಲಿ 6ರ ಆಸುಪಾಸಿನ ಪ್ರಮಾಣದ ಭೂಕಂಪಗಳಾದವು. ಸರಾಸರಿ 22 ವರ್ಷದ ಅಂತರ ಕಂಡು ಮುಂದಿನದು 1993ರ ಒಳಗೆ ಎಂದು ವಿಜ್ಞಾನಿಗಳು ಅಂದಾಜಿಸಿ, ಉಪಕರಣಗಳನ್ನು ಹೂಡಿ ಕಾದರು. ಅದು ಬಂದದ್ದು 2004ರ ಸೆಪ್ಟೆಂಬರ್ 28ರಂದು. ಇಷ್ಟು ಚೆನ್ನಾಗಿ ಅಳೆದ ಸ್ತರಭಂಗದ ವಿಷಯದಲ್ಲೇ ಲೆಕ್ಕ ಹನ್ನೊಂದು ವರ್ಷ ತಪ್ಪಿತು.

ಭೂಮಿಯ ಹೊರಚಿಪ್ಪಿನ ಫಲಕಗಳು ಸಮುದ್ರದಡಿಯಲ್ಲಿ ಕೂಡುವ ಅಂಚುಗಳಲ್ಲಿ ತೆವಳಿಕೆಯ ಇನ್ನೊಂದು ಬಗೆ ಕಂಡಿತು. ಕೆನಡಾದ ಪಶ್ಚಿಮ ಕರಾವಳಿಯ ಜಿಪಿಎಸ್ ಕೇಂದ್ರಗಳು ಕೆಲವು ವಾರ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಸಾಗುವುದನ್ನು 2001ರಲ್ಲಿ ಹರ್ಬ್ ಡ್ರಾಗರ್ಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಈ ನಿಧಾನ ಜಾರಿಕೆ ಅಲ್ಲಿ ಸುಮಾರು 14 ತಿಂಗಳಿಗೊಮ್ಮೆ ಮರುಕಳಿಸುತ್ತದೆ. ಯಾರಿಗೂ ಅನುಭವಕ್ಕೆ ಬರುವುದಿಲ್ಲ. ಜಪಾನಿನಲ್ಲಿ 2011ರ ಮಾರ್ಚ್ 11ರ 9.0 ಪ್ರಮಾಣದ ಮಹಾಭೂಕಂಪಕ್ಕೆ ಮುಂಚಿನ ದಿನಗಳಲ್ಲಿ, ಆಮೇಲೆ ಸಿಡಿಯಲಿದ್ದ ಜಾಗದ ಕಡೆಗೆ ಇಂಥ ಜಾರಿಕೆ ಸಾಗಿತ್ತೆಂದು ಕಂಪನ ದಾಖಲೆಗಳ ಮರುಪರಿಶೀಲನೆಯಿಂದ ತಿಳಿಯಿತು. ಕೆನಡಾದ ಜಾರಿಕೆಗಳು ಯಾವ ಭೂಕಂಪವನ್ನೂ ತರದೆ ಮುಗಿದವು, ಜಪಾನಿನದು ಹಾಗಾಗಲಿಲ್ಲ. ನಡೆಯುತ್ತಿರುವಾಗಲೇ ಇವೆರಡನ್ನು ಬೇರ್ಪಡಿಸಿ ಹೇಳುವ ಉಪಾಯ ಇನ್ನೂ ಕೈಗೆ ಬಂದಿಲ್ಲ.

ಭಾರತದಲ್ಲಿ ತೆವಳಿಕೆಗೆ ಸ್ಪಷ್ಟ ಉದಾಹರಣೆಯಾಗಿ ನಿಲ್ಲುವುದು ಮಣಿಪುರದ ಚೂರಾಚಾಂದ್‌ಪುರ–ಮಾವೊ ಸ್ತರಭಂಗ. ವಿ. ಕೆ. ಗಹಲೋತ್ ಮತ್ತು ಸಂಗಡಿಗರು 2013ರಲ್ಲಿ ಜಿಪಿಎಸ್ ಅಳತೆಗಳ ಆಧಾರದಿಂದ ಇದು ವರ್ಷಕ್ಕೆ ಸುಮಾರು 16 ಮಿ.ಮೀ. ಸರಿಯುತ್ತಿದೆ, ಬಹುಮಟ್ಟಿಗೆ ಕಂಪನವಿಲ್ಲದೆಯೇ ಸರಿಯುತ್ತಿದೆ ಎಂದು ತೋರಿಸಿದರು. ಮಣಿಪುರಕ್ಕೆ ಇದರಿಂದ ನೆಮ್ಮದಿ ಸಿಕ್ಕಿತೇ? 2016ರ ಜನವರಿ 4ರ ಬೆಳಗಿನ ಜಾವ ತಮೆಂಗ್ಲಾಂಗ್ ಸೀಮೆಯಲ್ಲಿ 6.7 ಪ್ರಮಾಣದ ಭೂಕಂಪವಾಯಿತು. ಅದು ಹುಟ್ಟಿದ್ದು ತೆವಳುವ ಸ್ತರಭಂಗದಲ್ಲಲ್ಲ, ಅದರ ಎಷ್ಟೋ ಕೆಳಗೆ ಇಳಿದು ಹೋಗುತ್ತಿರುವ ಭಾರತದ ಫಲಕದೊಳಗೆ, 50 ಕಿ.ಮೀ.ಗೂ ಹೆಚ್ಚು ಆಳದಲ್ಲಿ. ಇಂಫಾಲದಲ್ಲಿ ಹೆಂಗಸರೇ ನಡೆಸುವ ಹೆಸರಾಂತ ಮಾರುಕಟ್ಟೆ ಇಮಾ ಕೈಥೆಲ್‌ನ ಹೊಸ ಕಟ್ಟಡದ ಕಂಬಗಳು ಜಖಂಗೊಂಡವು. ಒಂದು ಸ್ತರಭಂಗ ತೆವಳುತ್ತಿದೆ ಎಂಬುದು ಆ ಒಂದು ಸ್ತರಭಂಗದ ಬಗ್ಗೆ ಮಾತ್ರ ಹೇಳುವ ಮಾತು. ಅದರ ಮೇಲಿರುವ ಊರಿನ ಬಗ್ಗೆ ಅಲ್ಲ.

ಇನ್ನು ಸಣ್ಣ ಕಂಪನಗಳು ಒತ್ತಡ ಇಳಿಸುತ್ತವೆ ಎಂಬ ನಂಬಿಕೆ. ಭೂಕಂಪದ ಪ್ರಮಾಣ ಒಂದಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 6 ಪ್ರಮಾಣದ ಒಂದು ಭೂಕಂಪದ ಶಕ್ತಿಯನ್ನು ಸಣ್ಣದರಲ್ಲಿ ತೀರಿಸಬೇಕಾದರೆ 4 ಪ್ರಮಾಣದ ಸುಮಾರು 1,000 ಕಂಪನಗಳು, ಇಲ್ಲವೇ 3 ಪ್ರಮಾಣದ 30,000ಕ್ಕೂ ಮಿಕ್ಕಿ ಕಂಪನಗಳು ಬೇಕು. ಇಂಥ ತೀರುವಳಿ ಎಲ್ಲಿಯೂ ನಡೆಯುವುದಿಲ್ಲ. ಈ ನಂಬಿಕೆಯನ್ನು ಬಿಡುವುದೇ ಒಳ್ಳೆಯದು.

ಕಲ್ಯಾಣ ಸೀಮೆಯ ನೆಲ

ಕಲ್ಯಾಣದಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಕೂತು ಬಲಗಡೆ ನೋಡಿದರೆ ಮಾಥೇರಾನ್ ಬೆಟ್ಟಸಾಲಿನ ಬಸಾಲ್ಟ್ ಪದರಗಳು ಒಂದರ ಮೇಲೊಂದು ಮಟ್ಟಸವಾಗಿ ಕೂತಿರುವುದು ಕಾಣುತ್ತದೆ. ಇವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದೇ ಲಾವಾ ಪದರಗಳು ಪನ್ವೇಲ್, ಮುಂಬಯಿ ಕಡೆಗೆ ಬಂದಾಗ ಮಟ್ಟ ತಪ್ಪಿ, ಅರಬ್ಬೀ ಸಮುದ್ರದತ್ತ ಪಶ್ಚಿಮಕ್ಕೆ ವಾಲಿವೆ. ಈ ವಾಲು ಶುರುವಾಗುವ ಉತ್ತರ–ದಕ್ಷಿಣದ ಉದ್ದನೆಯ ಪಟ್ಟಿಯೇ ಪನ್ವೇಲ್ ಬಾಗು. ಭಾರತದಿಂದ ಸೇಷೆಲ್ಸ್ ಭೂಭಾಗ ಕಳಚಿ ದೂರ ಸರಿದ ಕಾಲದಲ್ಲಿ ಪಶ್ಚಿಮ ಅಂಚು ಕುಸಿದು ಬಾಗಿದ ಗುರುತು ಇದು. ಬಾಗಿನ ಉದ್ದಕ್ಕೂ ಡೈಕುಗಳು, ಅಂದರೆ ಬಿರುಕುಗಳಲ್ಲಿ ಗಟ್ಟಿಯಾದ ಶಿಲಾರಸದ ಗೋಡೆಗಳು, ನುಗ್ಗಿವೆ; ಸ್ತರಭಂಗಗಳು ಇವೆ.

ಕರಾವಳಿಯ ಬಿಸಿನೀರಿನ ಬುಗ್ಗೆಗಳೂ ಹೆಚ್ಚುಕಡಿಮೆ ಈ ಪಟ್ಟಿಗೆ ಹೊಂದಿಕೊಂಡೇ ಸಾಲುಗಟ್ಟಿವೆ. ಕಲ್ಯಾಣದಿಂದ ಸುಮಾರು 30 ಕಿ.ಮೀ. ದೂರದ ಗಣೇಶಪುರಿ, ವಜ್ರೇಶ್ವರಿ, ಅಕಲೋಲಿಯ ಕುಂಡಗಳು ಅವುಗಳಲ್ಲಿ ಪ್ರಸಿದ್ಧ. ಕಾಞಂಗಾಡಿನಲ್ಲಿ ಬಹುಕಾಲ ಇದ್ದು, ಆಮೇಲೆ ಗಣೇಶಪುರಿಗೆ ಬಂದು ನೆಲೆಸಿ 1961ರಲ್ಲಿ ಅಲ್ಲಿಯೇ ಸಮಾಧಿಸ್ಥರಾದ ನಿತ್ಯಾನಂದ ಸ್ವಾಮಿಗಳಿಂದಾಗಿ ತುಳು, ಕನ್ನಡ ಕುಟುಂಬಗಳಿಗೆ ಈ ಊರು ಚಿರಪರಿಚಿತ. ಕುಂಡದಲ್ಲಿ ಕಾಲಿಟ್ಟಾಗ ಸುಡುವ ಆ ನೀರು ಮಳೆಯ ನೀರೇ. ಬಿರುಕುಗಳ ಮೂಲಕ ಆಳಕ್ಕಿಳಿದು, ಅಲ್ಲಿನ ಸಹಜ ಕಾವಿನಿಂದ ಬಿಸಿಯಾಗಿ, ಮತ್ತೆ ಬಿರುಕುಗಳ ಮೂಲಕವೇ ಮೇಲೇಳುತ್ತದೆ. ಈ ಸೀಮೆಯ ಶಿಲೆಯಲ್ಲಿ ಆಳದವರೆಗೂ ದಾರಿಗಳಿವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಭಾತ್ಸಾ ಅಣೆಕಟ್ಟು ಶಹಾಪುರ ತಾಲ್ಲೂಕಿನಲ್ಲಿದೆ. ಮುಂಬಯಿಯ ಕುಡಿಯುವ ನೀರಿನ ದೊಡ್ಡ ಪಾಲು ಅಲ್ಲಿಂದ ಬರುತ್ತದೆ. 1983ರಲ್ಲಿ ಅದರ ಸುತ್ತ ಕಂಪನಗಳ ಸರಣಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ 5ರ ಹತ್ತಿರದ ಪ್ರಮಾಣ ಮುಟ್ಟಿತು. ಜಲಾಶಯ ತುಂಬಿದ್ದರಿಂದ ಪ್ರಚೋದನೆಗೊಂಡ ಕಂಪನಗಳ ಪಟ್ಟಿಯಲ್ಲಿ ಭಾತ್ಸಾಕ್ಕೆ ಸ್ಥಾನ ಸಿಕ್ಕಿತು. ಆ ಪಟ್ಟಿಯ ಮೊದಲ ಹೆಸರು ಕಲ್ಯಾಣದಿಂದ ಸುಮಾರು 200 ಕಿ.ಮೀ. ದಕ್ಷಿಣದ ಕೊಯ್ನಾ. 103 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿಂದೆ 1962ರಿಂದ ನೀರು ನಿಲ್ಲಿಸಿದರು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಸುಮಾರು 180 ಜನ ಸತ್ತರು, ಕೊಯ್ನಾನಗರ ನೆಲಕಚ್ಚಿತು. ಜಲಾಶಯದಿಂದ ಪ್ರಚೋದನೆಗೊಂಡ ಭೂಕಂಪಗಳಲ್ಲಿ ಜಗತ್ತಿನಲ್ಲೇ ಇದು ಅತಿ ದೊಡ್ಡದೆಂದು ಪರಿಗಣಿತವಾಗಿದೆ. ಅರ್ಧ ಶತಮಾನ ಕಳೆದರೂ ಅಲ್ಲಿ ಕಂಪನ ನಿಂತಿಲ್ಲ. ಹರ್ಷ್ ಗುಪ್ತಾ ಅವರಂಥ ವಿಜ್ಞಾನಿಗಳು ದಶಕಗಳ ಕಾಲ ಇದರ ಬೆನ್ನು ಹತ್ತಿದ ಫಲವಾಗಿ ಕರಾಡದಲ್ಲಿ ಭೂವಿಜ್ಞಾನ ಸಚಿವಾಲಯದ ಕೊಳವೆರಂಧ್ರ ಪ್ರಯೋಗಾಲಯ ನಿಂತಿದೆ; 2017ರಲ್ಲಿ 3 ಕಿ.ಮೀ. ಆಳದ ಪ್ರಾಯೋಗಿಕ ರಂಧ್ರ ಪೂರ್ತಿಯಾಯಿತು. ಬಸಾಲ್ಟಿನ ಹೊದಿಕೆಯನ್ನು ತೂರಿ ಕೆಳಗಿನ ಗ್ರಾನೈಟ್ ಜಾತಿಯ ತಳಶಿಲೆಯನ್ನು ಮುಟ್ಟಿದ ಈ ಕೆಲಸ ದಖ್ಖನಿನ ಸ್ತರಭಂಗಗಳನ್ನು ಒಳಗಿನಿಂದ ನೋಡುವ ಅಪರೂಪದ ಯತ್ನ. ಇದಕ್ಕೆ ಸಿಗಬೇಕಾದಷ್ಟು ಪ್ರಚಾರ ನಮ್ಮಲ್ಲಿ ಸಿಕ್ಕಿಲ್ಲ.

ತೆವಳಿಕೆಯ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು ಪಾಲ್ಘರ್ ಜಿಲ್ಲೆಯ ಅನುಭವ. 2014ರ ಆಗಸ್ಟ್ 1ರವರೆಗೆ ಇದು ಥಾಣೆ ಜಿಲ್ಲೆಯ ಭಾಗವೇ ಆಗಿತ್ತು. 2018ರ ಕೊನೆಯ ತಿಂಗಳುಗಳಲ್ಲಿ ಡಹಾಣೂ, ತಲಾಸರಿ ತಾಲ್ಲೂಕುಗಳಲ್ಲಿ ಧುಂದಲವಾಡಿಯ ಸುತ್ತ ಕಂಪನಗಳು ಶುರುವಾದವು. ಒಂದು ದೊಡ್ಡದು, ಆಮೇಲೆ ಕಡಿಮೆಯಾಗುವ ಅನುಕಂಪನಗಳು ಎಂಬ ಸಾಮಾನ್ಯ ಕ್ರಮ ಇಲ್ಲಿರಲಿಲ್ಲ. ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಸಾವಿರಾರು ಕಂಪನಗಳು ಹಿಂಡುಹಿಂಡಾಗಿ ಬಂದವು. 2019ರ ಫೆಬ್ರುವರಿ 1ರಂದು 4.1 ಪ್ರಮಾಣದ ಕಂಪನವಾದಾಗ ಭಯದಿಂದ ಮನೆಯಿಂದ ಓಡುವ ಗಡಿಬಿಡಿಯಲ್ಲಿ ಎರಡು ವರ್ಷದ ಮಗುವೊಂದು ಬಿದ್ದು ತೀರಿಕೊಂಡಿತು. ಆದಿವಾಸಿ ಪಾಡಾಗಳ (ಕೇರಿಗಳ) ಜನ ಚಳಿಯಲ್ಲಿ ಮನೆ ಬಿಟ್ಟು ಹೊರಗೆ ಮಲಗಿದರು, ಆಡಳಿತ ಡೇರೆಗಳನ್ನು ಹಾಕಿಸಿತು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉಪಗ್ರಹದ ರಾಡಾರ್ ಚಿತ್ರಗಳನ್ನು ಹೋಲಿಸಿದಾಗ ಆ ಪ್ರದೇಶದ ನೆಲ ಸೆಂಟಿಮೀಟರಿನ ಲೆಕ್ಕದಲ್ಲಿ ಕದಲಿದ್ದು ಕಂಡುಬಂತು. ಕೆಳಗೆ ಜಾರುವ ಬಗೆಯ ಸ್ತರಭಂಗವೊಂದು ಅಲ್ಲಿ ಕೆಲಸ ಮಾಡುತ್ತಿದೆ ಎಂದು ಸಂಶೋಧಕರು ವಿವರಿಸಿದರು. ಜ್ವಾಲಾಮುಖಿಯ ಸಂಬಂಧ ಇಲ್ಲವೆಂದೂ ಸ್ಪಷ್ಟಪಡಿಸಿದರು. ಜಗತ್ತಿನ ಬೇರೆಡೆಯ ಇಂಥ ಕಂಪನ ಹಿಂಡುಗಳಲ್ಲಿ ನೀರಿನ ಒತ್ತಡ ಮತ್ತು ನಿಧಾನ ಜಾರಿಕೆ ಎರಡೂ ಜೊತೆಜೊತೆಗೆ ಕಂಡಿವೆ. ಹಾಗಾಗಿ ಪಾಲ್ಘರ್ ನೆಲದ ಮೇಲೆ ರಾಡಾರ್ ಕಣ್ಣು ಸದಾ ಇರಬೇಕಾದದ್ದು ಅಗತ್ಯ.

ಕರ್ನಾಟಕದಲ್ಲೂ ಇದರ ತಂಗಿಯಂಥ ಘಟನೆ ನಡೆದಿದೆ. ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಮಳೆಗಾಲದ ಕೊನೆಗೆ ನೆಲದೊಳಗಿಂದ ಸದ್ದು, ಮೇಲಿಂದ ಮೇಲೆ ಕಂಪನ. ಅಕ್ಟೋಬರ್ 11ರ ರಾತ್ರಿ 4.1 ಪ್ರಮಾಣ. ಮಳೆನೀರು ಬಿರುಕುಗಳಲ್ಲಿ ಇಳಿದು ಒತ್ತಡ ಬದಲಿಸುವುದೇ ಇಂಥವಕ್ಕೆ ಕಾರಣವೆಂದು ತಜ್ಞರು ಜನರಿಗೆ ತಿಳಿಹೇಳಿದರು.

ಹಳೆಯ ದಾಖಲೆಗಳ ವಿಷಯದಲ್ಲಿ ಎಚ್ಚರ ಬೇಕು. 1618ರ ಮೇ 26ರಂದು ಮುಂಬಯಿ ಕರಾವಳಿಯಲ್ಲಿ ಭೂಕಂಪದಿಂದ 2,000 ಜನ ಸತ್ತರೆಂದು ಹಲವು ಪಟ್ಟಿಗಳು ಹೇಳುತ್ತವೆ. ಮೂಲ ವರ್ಣನೆಗಳನ್ನು ಓದಿದವರು ಅದು ಚಂಡಮಾರುತವೇ ಇರಬೇಕೆಂದು ವಾದಿಸಿದ್ದಾರೆ. ಚಂಡಮಾರುತಗಳ ಕಾಲವಾದ ಮೇ ಕೊನೆಯ ವಾರದ ತಾರೀಖು ನೋಡಿದರೆ ಆ ವಾದವೇ ಹೆಚ್ಚು ಸರಿಯೆನಿಸುತ್ತದೆ.

ಅಳೆಯುವುದು ಏಕೆ ಕಷ್ಟ

ಭಾರತದ ಫಲಕ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂ.ಮೀ. ಚಲಿಸುತ್ತದೆ. ಅದರಲ್ಲಿ ಸುಮಾರು 2 ಸೆಂ.ಮೀ. ಹಿಮಾಲಯದಲ್ಲಿ ಅಡಕವಾಗುತ್ತದೆ. ಪರ್ಯಾಯದ್ವೀಪ ಮಾತ್ರ ಬಹುಮಟ್ಟಿಗೆ ಇಡಿಯಾಗಿ ಚಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಇರುವ ಜಿಪಿಎಸ್ ಕೇಂದ್ರ ಈ ಚಲನೆಯ ಮುಖ್ಯ ಸಾಕ್ಷಿ. ದಕ್ಷಿಣ ಭಾರತದ ಒಳಗಿನ ಹಿಗ್ಗು–ಕುಗ್ಗು ವರ್ಷಕ್ಕೆ ಒಂದೆರಡು ಮಿಲಿಮೀಟರನ್ನು ಮೀರದು ಎಂದು ಇಂಥ ಕೇಂದ್ರಗಳಿಂದಲೇ ತಿಳಿದದ್ದು. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಸುಬ್ರಹ್ಮಣ್ಯ ಅವರು 1996ರಲ್ಲಿ ಮೂಲ್ಕಿಯಿಂದ ಪುಲಿಕಾಟ್ ಸರೋವರದವರೆಗಿನ ನೆಲ ಮೆಲ್ಲಗೆ ಮೇಲೇಳುತ್ತಿದೆ ಎಂಬ ಊಹೆ ಮಂಡಿಸಿದಾಗ, ಅದನ್ನು ಪರೀಕ್ಷಿಸಲು ಕರಾವಳಿಯ ಸಮುದ್ರಮಟ್ಟದ ಹಳೆಯ ದಾಖಲೆಗಳನ್ನೇ ಕೆದಕಬೇಕಾಯಿತು. ಇಷ್ಟು ನಿಧಾನದ ಚಲನೆಯನ್ನು ಹಿಡಿಯಲು ಒಂದು ತಲೆಮಾರಿನ ಅಳತೆಯೂ ಸಾಲದು.

ಇದರ ಪರಿಣಾಮ ಹೀಗೆ: ಕಲ್ಯಾಣ ಸೀಮೆಯ ಸ್ತರಭಂಗವೊಂದು ವರ್ಷಕ್ಕೆ ಕಾಲು ಮಿಲಿಮೀಟರ್ ತೆವಳುತ್ತಿದ್ದರೂ, ಅಷ್ಟನ್ನೇ ಕೂಡಿಟ್ಟುಕೊಳ್ಳುತ್ತ ಬಿಗಿದು ನಿಂತಿದ್ದರೂ ಇಪ್ಪತ್ತು ವರ್ಷದಲ್ಲಿ ವ್ಯತ್ಯಾಸ 5 ಮಿ.ಮೀ. ಮಾತ್ರ. ಅಳತೆಗೆ ಸಿಗದ ಸ್ತರಭಂಗವೂ ಕೊಲ್ಲಬಲ್ಲದು: 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬಸವಕಲ್ಯಾಣ, ಆಳಂದಗಳಿಗೆ ದೂರವಲ್ಲದ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪ ಸುಮಾರು 10,000 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ ಅಂಥ ಸ್ತರಭಂಗವಿದೆಯೆಂದು ಯಾವ ನಕ್ಷೆಯೂ ಮುಂಚೆ ಹೇಳಿರಲಿಲ್ಲ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಬಲ್ಲದು. ಇಸ್ರೋ ಮತ್ತು ನಾಸಾ ಕೂಡಿ ಕಟ್ಟಿದ, ಬೆಂಗಳೂರಿನಲ್ಲಿ ಜೋಡಣೆಯಾದ ಈ ರಾಡಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ನೆಲವನ್ನು ನೋಡುತ್ತದೆ. ಗಿಡಮರ ತುಂಬಿದ, ಮಳೆ ಹೊಡೆಯುವ ಕೊಂಕಣದಲ್ಲಿ ಇದರ ಉದ್ದ ಅಲೆಯ ರಾಡಾರಿನ ಪ್ರಯೋಜನ ಹೆಚ್ಚು.

ಗೋಡೆಯ ಬಿರುಕು ತೆವಳಿಕೆಯಲ್ಲ

ನವಿ ಮುಂಬಯಿಯ ವಾಶಿ, ನೆರೂಲ್, ಉಲ್ವೆಗಳಲ್ಲೂ ಡೊಂಬಿವಲಿಯ ಖಾಡಿಯ (ಸಮುದ್ರದ ಅಳಿವೆಯ) ಬದಿಯ ಬಡಾವಣೆಗಳಲ್ಲೂ ಕಾಂಪೌಂಡ್ ಗೋಡೆ ಸೀಳುವುದು, ಕಟ್ಟಡಕ್ಕೂ ಸುತ್ತಲಿನ ಅಂಗಳಕ್ಕೂ ನಡುವೆ ಸಂದು ಬೀಳುವುದು ಸಾಮಾನ್ಯ. ಇದಕ್ಕೆ ಕಾರಣ ಖಾಡಿಯ ಜೇಡಿಮಣ್ಣು. ಮೀಟರುಗಟ್ಟಲೆ ದಪ್ಪದ ಆ ಹಸಿ ಮಣ್ಣಿನ ಮೇಲೆ ಭರಾವು (ತುಂಬುಮಣ್ಣು) ಹಾಕಿ ಕಟ್ಟಿದಾಗ ಮಣ್ಣಿನೊಳಗಿನ ನೀರು ನಿಧಾನವಾಗಿ ಹಿಂಡಿ ಹೋಗುತ್ತ ನೆಲ ವರ್ಷಗಟ್ಟಲೆ ತಗ್ಗುತ್ತದೆ. ಇದು ಹೆಚ್ಚಾಗಿ ಲಂಬವಾದ ಕುಸಿತ, ಕಾಲ ಕಳೆದಂತೆ ಕಡಿಮೆಯಾಗುತ್ತದೆ, ಒಂದೊಂದು ಕಟ್ಟಡಕ್ಕೂ ಒಂದೊಂದು ದಿಕ್ಕಿನಲ್ಲಿರುತ್ತದೆ. ಸ್ತರಭಂಗದ ತೆವಳಿಕೆಯಾದರೆ ಬಿರುಕು ಒಂದೇ ಗೆರೆಯಲ್ಲಿ ಕಿಲೋಮೀಟರುಗಟ್ಟಲೆ ಸಾಗುತ್ತದೆ. ಆ ಗೆರೆ ದಾಟುವ ರಸ್ತೆ, ಹಳಿ, ಪೈಪು, ಬೇಲಿ ಎಲ್ಲವೂ ಒಂದೇ ದಿಕ್ಕಿಗೆ ಓರೆಯಾಗುತ್ತವೆ. ಸದಾ ತೆವಳುವ ಸ್ತರಭಂಗವಾದರೆ ಅದು ನಿಲ್ಲುವುದೂ ಇಲ್ಲ. ಕಲ್ಯಾಣ ಸೀಮೆಯಲ್ಲಿ ಅಂಥ ಗೆರೆ ಕಂಡಿಲ್ಲ.

ಆದರೆ ಜೇಡಿಮಣ್ಣೇ ಬೇರೆ ರೀತಿಯಲ್ಲಿ ಅಪಾಯಕಾರಿ. ಗಟ್ಟಿ ಬಸಾಲ್ಟಿನ ಮೇಲೆ ಸಾಧಾರಣವಾಗಿ ಹಾದುಹೋಗುವ ಕಂಪನದ ಅಲೆಗಳು ಮೆತ್ತನೆಯ ಮಣ್ಣಿಗೆ ಬಂದಾಗ ವೇಗ ಕಳೆದುಕೊಂಡು ಎತ್ತರವಾಗುತ್ತವೆ. ದೂರದ ಭೂಕಂಪವೂ ಇಂಥಲ್ಲಿ ಜೋರಾಗಿ ತಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಟಿ. ಜಿ. ರಘುಕಾಂತ್ ಮತ್ತು ಆರ್. ಎನ್. ಅಯ್ಯಂಗಾರ್ ಅವರು 2006ರಲ್ಲಿ ಮುಂಬಯಿಯ ಭೂಕಂಪ ಸಾಧ್ಯತೆಯನ್ನು ಲೆಕ್ಕ ಹಾಕಿದಾಗ ಸುತ್ತಲಿನ ಸ್ತರಭಂಗಗಳನ್ನೆಲ್ಲ ಸೇರಿಸಿಕೊಂಡರು. ಯಾವುದೋ ಒಂದನ್ನು ಹಿಡಿದು ಕೂರಲಿಲ್ಲ. ಈ ಕಡೆಯ ಊರುಗಳಿಗೆ ಸರಿಯಾದ ಕ್ರಮ ಅದೇ.

2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಬಿದ್ದವು. ಬಿದ್ದವುಗಳಲ್ಲಿ ಹೆಚ್ಚಿನವು ನೆಲಮಹಡಿಯಲ್ಲಿ ಗೋಡೆಯಿಲ್ಲದೆ, ಕಾರು ನಿಲ್ಲಿಸಲು ಬರೀ ಕಂಬಗಳನ್ನು ಬಿಟ್ಟಂಥವು. ಕಲ್ಯಾಣ, ಡೊಂಬಿವಲಿ, ಥಾಣೆಗಳ ಎಷ್ಟೋ ಸೊಸೈಟಿಗಳ ಸ್ಟಿಲ್ಟ್ ಪಾರ್ಕಿಂಗ್ ಇದೇ ನಮೂನೆಯದು. ಕಲ್ಯಾಣದ ನೆರೆಯ ಶೀಳ್ ಫಾಟಾದಲ್ಲಿ 2013ರ ಏಪ್ರಿಲ್ 4ರಂದು ಅನಧಿಕೃತ ಕಟ್ಟಡವೊಂದು ಭೂಕಂಪವಿಲ್ಲದೆಯೇ ಕುಸಿದು 74 ಜನ ಸತ್ತರು. ನೆಲ ಸುಮ್ಮನಿದ್ದಾಗಲೇ ನಿಲ್ಲಲಾರದ ಕಟ್ಟಡ ನೆಲ ಕದಲಿದಾಗ ಏನಾಗುತ್ತದೆಂದು ಹೇಳಲು ಭೂವಿಜ್ಞಾನ ಬೇಕಿಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳು ಮನೆಗಳಿಗೆ ಅಂಟಿಕೊಂಡೇ ಇರುವುದು ಈ ಆತಂಕವನ್ನು ಇನ್ನೂ ಹೆಚ್ಚಿಸುತ್ತದೆ.

ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿ ಮುಂಬಯಿ, ಥಾಣೆ, ಕಲ್ಯಾಣಗಳನ್ನು ಮೂರನೆಯ ಭೂಕಂಪ ವಲಯದಲ್ಲಿ (ಅಂಕಿ ಹೆಚ್ಚಿದಷ್ಟೂ ಅಪಾಯ ಹೆಚ್ಚು) ಇಟ್ಟಿತು; ಕೊಯ್ನಾ ನಾಲ್ಕನೆಯದರಲ್ಲಿ, ಬೆಂಗಳೂರು ಎರಡನೆಯದರಲ್ಲಿ. ಮೂರನೆಯ ವಲಯಕ್ಕೆ ಐಎಸ್ 13920ರ ಪ್ರಕಾರ ಕಂಬ–ತೊಲೆ ಕೂಡುವಲ್ಲಿ ಕಬ್ಬಿಣದ ರಿಂಗುಗಳನ್ನು ಹತ್ತಿರ ಹತ್ತಿರ ಕಟ್ಟಬೇಕು. ಹಳೆಯ ಕಟ್ಟಡಗಳಲ್ಲಿ ಇದು ಇದೆಯೋ ಇಲ್ಲವೋ ಎಂದು ಪ್ಲಾಸ್ಟರಿನ ಮೇಲಿಂದ ಕಾಣುವುದಿಲ್ಲ, ಪರೀಕ್ಷೆಯಿಂದಲೇ ತಿಳಿಯಬೇಕು. ಮಹಾರಾಷ್ಟ್ರದ ಮಹಾನಗರಪಾಲಿಕೆಗಳಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಾನೂನಿನಂತೆ ಕಡ್ಡಾಯ. ನಿಮ್ಮ ಕಟ್ಟಡಕ್ಕೆ ಅಷ್ಟು ವಯಸ್ಸಾಗಿದ್ದರೆ ಸೊಸೈಟಿಯ ಮುಂದಿನ ಸಭೆಯಲ್ಲಿ ಆ ವರದಿಯನ್ನು ಕೇಳಿ ನೋಡಿ. ಸ್ಟಿಲ್ಟ್ ಕಂಬಗಳ ನಡುವೆ ಬಲವರ್ಧನೆಯ ಗೋಡೆ ಹಾಕಿಸಬೇಕೆಂದು ಅದರಲ್ಲಿ ಬರೆದಿದ್ದರೆ ಖರ್ಚಿಗೆ ಹಿಂಜರಿಯದೆ ಹಾಕಿಸಿ.